ಹೋಯಾ ಬೇರು ಕೇಳುವುದು ಗಾಳಿ

ಹೋಯಾ ಹಟಮಾರಿ ಬಳ್ಳಿ. ವಾರಗಟ್ಟಲೆ ನೀರು ಕಾಣದಿದ್ದರೂ ತನ್ನ ದಪ್ಪ ಎಲೆಗಳಲ್ಲಿ ಕೂಡಿಟ್ಟ ತೇವದಲ್ಲೇ ದಿನ ದೂಡುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರಿಗೆ ಬಾಲ್ಕನಿಯಲ್ಲಿ ಇನ್ನೂ ಹಸಿರಾಗಿ ಕಾಣುವ ಕೆಲವೇ ಗಿಡಗಳಲ್ಲಿ ಇದೂ ಒಂದು. ಹಾಗಿದ್ದೂ ಗಿಡ ಸಾಕುವವರ ಬಾಯಲ್ಲಿ ಹೋಯಾ ಬಗ್ಗೆ ಕೇಳಿಬರುವ ದೂರು ಒಂದೇ: “ಚೆನ್ನಾಗಿತ್ತು, ಪಾಟ್ ಬದಲಿಸಿದ ಮೇಲೆ ಹೋಯಿತು.” ಉದಾಸೀನಕ್ಕೆ ಸಾಯದ ಗಿಡ ಅಕ್ಕರೆಗೆ ಸಾಯುತ್ತಿದೆ ಎಂದರೆ ಆ ಅಕ್ಕರೆಯ ಹಿಂದಿನ ತಿಳಿವಳಿಕೆಯನ್ನೇ ಒಮ್ಮೆ ತಿರುವಿ ನೋಡಬೇಕು.

ನಾವು ಗಿಡ ನೆಡುವುದನ್ನು ಕಲಿತದ್ದು ತುಳಸಿ, ದಾಸವಾಳ, ಕನಕಾಂಬರ, ಕರಿಬೇವುಗಳಿಂದ. ಎಲ್ಲವೂ ನೆಲದ ಗಿಡಗಳು. ಹೋಯಾ ನೆಲದ್ದಲ್ಲ. ಏಷ್ಯಾ, ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳ ಕಾಡುಗಳಲ್ಲಿ ಹರಡಿರುವ ಇದರ 300ಕ್ಕೂ ಹೆಚ್ಚು ಜಾತಿಗಳಲ್ಲಿ ಬಹುಪಾಲು ಮರದ ತೊಗಟೆಗೆ, ಪಾಚಿ ಹಿಡಿದ ಬಂಡೆಗೆ ಅಂಟಿಕೊಂಡು ಬೆಳೆಯುವಂಥವು. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸೀತಾಳೆ ದಂಡೆಯ ಹಾಗೆ ಆಸರೆ ಮಾತ್ರ ಪಡೆಯುತ್ತವೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಹೋಯಾ ವೈಟಿಯೈ, ಹೋಯಾ ಪಾಸಿಫ್ಲೋರಾ, ಕಡ್ಡಿಯಂಥ ಎಲೆಯ ಹೋಯಾ ರೆಟೂಸಾ ಇವೆ. ಮದ್ರಾಸ್ ಪ್ರಾಂತ್ಯದಲ್ಲಿ ದುಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಹೆಸರನ್ನು ಮೊದಲನೆಯದು ಹೊತ್ತಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹೋಯಾ ಕಾರ್ನೋಸಾ ಮಾತ್ರ ದಕ್ಷಿಣ ಚೀನಾ, ತೈವಾನ್, ಜಪಾನ್ ಕಡೆಯದು. ಈ ಕುಲಕ್ಕೆ 1810ರಲ್ಲಿ ಹೆಸರಿಟ್ಟವನು ಬ್ರಿಟಿಷ್ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ಲಂಡನ್ನಿನ ಸಯಾನ್ ಹೌಸ್ ತೋಟವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಹೋಯ್ ಎಂಬ ತೋಟಗಾರನ ನೆನಪಿಗೆ ಇಟ್ಟ ಹೆಸರು ಅದು. ತೋಟಗಾರನೊಬ್ಬನ ಹೆಸರು ಹೊತ್ತ ಬಳ್ಳಿ ಎಂಬುದೇ ನನಗೆ ಇದರ ಮೇಲಿನ ಪ್ರೀತಿಗೆ ಇನ್ನೊಂದು ಕಾರಣ.

ಮರದ ಮೇಲಿನ ಬೇರಿಗೆ ಮಳೆ ಬಂದಾಗ ನೀರು ಸಿಗುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಗಾಳಿ ಆಡುತ್ತದೆ. ಪಾಟ್ ಬದಲಿಸುವಾಗ ನಾವು ಮಾಡುವ ಬಹುತೇಕ ತಪ್ಪುಗಳು ಆ ಗಾಳಿಯನ್ನು ಕಸಿದುಕೊಳ್ಳುವಂಥವು.

ತಪ್ಪು ಕಲ್ಪನೆ: ನರ್ಸರಿಯಿಂದ ತಂದ ದಿನವೇ ಪಾಟ್ ಬದಲಿಸಬೇಕು.

ವಾಸ್ತವ: ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಸಿಗುವ ಒಳಾಂಗಣ ಗಿಡಗಳಲ್ಲಿ ಎಷ್ಟೋ ಪುಣೆಯಿಂದಲೋ ಆಂಧ್ರದ ಕಡಿಯಂನಿಂದಲೋ ಲಾರಿಯಲ್ಲಿ ಬಂದಿರುತ್ತವೆ. ನೆರಳು ಪರದೆಯ ಕೆಳಗೆ, ಆರ್ದ್ರ ಗಾಳಿಯಲ್ಲಿ ಬೆಳೆದ ಗಿಡಕ್ಕೆ ಪ್ರಯಾಣ ಒಂದು ಪೆಟ್ಟು, ನಿಮ್ಮ ಮನೆಯ ಬೆಳಕು ಇನ್ನೊಂದು. ಅದೇ ದಿನ ಬೇರು ಅಲುಗಿಸಿದರೆ ಮೂರನೆಯದು. ಎರಡು ವಾರ ಹಾಗೇ ಬಿಡಿ. ಹೊಸ ಚಿಗುರು ಹೊರಟರೆ, ಬಳ್ಳಿ ಮನೆಗೆ ಹೊಂದಿಕೊಂಡಿದೆ ಎಂದರ್ಥ.

ಅಷ್ಟರೊಳಗೆ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ನೀರು ಹಾಕಿ ಒಂದು ವಾರವಾದರೂ ಕುಂಡದೊಳಗಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒದ್ದೆಯಾಗೇ ಇದ್ದರೆ, ಕುಂಡ ಎತ್ತಿದಾಗ ಭಾರ ಇಳಿದೇ ಇಲ್ಲದಿದ್ದರೆ, ಆಗ ಕಾಯುವುದು ಬೇಡ. ಅಂಥ ಗಿಡದ ಬೇರು ಆಗಲೇ ಉಸಿರುಗಟ್ಟಿದೆ. ಕೆಲವು ಗಿಡಗಳಲ್ಲಿ ಬೇರಿನ ನಡುವೆ ಬಟ್ಟೆಯಂಥ ತೆಳು ಜಾಳಿಗೆಯ ಪುಟ್ಟ ಉಂಡೆ ಸಿಗುತ್ತದೆ. ಕಡ್ಡಿ ಬೇರು ಬಿಡಲೆಂದು ಬೆಳೆಗಾರರು ಬಳಸಿದ್ದು ಅದು. ನಡುವೆ ನೀರು ಹಿಡಿದಿಟ್ಟುಕೊಂಡು ಕಾಂಡದ ಬುಡವನ್ನು ಕೊಳೆಸುತ್ತದೆ. ಸುಲಭವಾಗಿ ಬರುವಷ್ಟನ್ನು ಕತ್ತರಿಸಿ ತೆಗೆಯಿರಿ. ಬೇರು ಅದರೊಳಗೆ ಹೆಣೆದುಕೊಂಡಿದ್ದರೆ ಎಳೆದಾಡದೆ ಜಾಳಿಗೆಯನ್ನು ನಾಲ್ಕು ಕಡೆ ಸೀಳಿದರೆ ಸಾಕು.

ತಪ್ಪು ಕಲ್ಪನೆ: ದೊಡ್ಡ ಪಾಟ್ ಕೊಟ್ಟರೆ ಬೇಗ ಬೆಳೆಯುತ್ತದೆ, ಮತ್ತೆ ಮತ್ತೆ ಬದಲಿಸುವ ಕೆಲಸವೂ ತಪ್ಪುತ್ತದೆ.

ವಾಸ್ತವ: ಇಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 4 ಇಂಚು ಅಗಲದ ಕುಂಡದಿಂದ ಅದೇ ಆಕಾರದ 8 ಇಂಚಿನ ಕುಂಡಕ್ಕೆ ಹೋದರೆ ಅಗಲ ಎರಡರಷ್ಟು, ಆದರೆ ಒಳಗೆ ಹಿಡಿಯುವ ಮಿಶ್ರಣ ಎಂಟರಷ್ಟು. ಬೇರು ಮಾತ್ರ ಮೊದಲಿದ್ದಷ್ಟೇ. ಸುತ್ತಲಿನ ಏಳು ಪಾಲು ಮಿಶ್ರಣದಲ್ಲಿರುವ ನೀರನ್ನು ಕುಡಿಯುವವರು ಯಾರೂ ಇಲ್ಲ. ಅದು ಆವಿಯಾಗಿಯೇ ಹೋಗಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮೇಲಿನ ಒಂದು ಇಂಚು ಒಣಗಿದ್ದು ನೋಡಿ ನಾವು ಮತ್ತೆ ನೀರು ಹೊಯ್ದಿರುತ್ತೇವೆ.

ಹೋಯಾ ಕುಡಿಯುವುದೂ ನಿಧಾನ. ಹೋಯಾ ಕಾರ್ನೋಸಾದಂಥ ದಪ್ಪ ಎಲೆಯ ಜಾತಿಗಳು ಅನಾನಸ್, ಕತ್ತಾಳೆ, ಪಾಪಸುಕಳ್ಳಿಗಳ ಹಾದಿ ಹಿಡಿದಿವೆ. ಎಲೆಯ ಸೂಕ್ಷ್ಮ ರಂಧ್ರಗಳನ್ನು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಂಡು, ಹಗಲು ಬಿಸಿಲಿನಲ್ಲಿ ಮುಚ್ಚಿಕೊಳ್ಳುತ್ತವೆ. ಎಲೆಯಿಂದ ಆವಿಯಾಗುವ ನೀರು ಕಡಿಮೆ, ಹಾಗಾಗಿ ಬೇರು ಎಳೆಯುವುದೂ ಕಡಿಮೆ. ಇಷ್ಟು ಮಿತವ್ಯಯಿ ಗಿಡಕ್ಕೆ ದೊಡ್ಡ ಕುಂಡ ಎಂದರೆ ಸದಾ ತೇವ, ತೇವವೆಂದರೆ ಗಾಳಿಯಿಲ್ಲ. ಆಮ್ಲಜನಕ ನೀರಿನಲ್ಲಿ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಮಿಶ್ರಣದ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರು ಉಸಿರಾಡಲಾರದೆ ಸಾಯುತ್ತದೆ, ಸತ್ತ ಬೇರಿಗೆ ಪಿಥಿಯಂ, ಫೈಟಾಪ್ತೊರಾ ಎಂಬ ರೋಗಾಣುಗಳು ಮುತ್ತಿಕೊಳ್ಳುತ್ತವೆ. ಅಡಿಕೆಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ತರುವ ಅದೇ ಫೈಟಾಪ್ತೊರಾ ಬಳಗ. ಮಲೆನಾಡಿನವರಿಗೆ ಇದರ ಪ್ರತಾಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಇಂಚು, ಹೆಚ್ಚೆಂದರೆ ಒಂದೂವರೆ ಇಂಚು ದೊಡ್ಡದಾದ ಕುಂಡ ಸಾಕು. 4ರಿಂದ 5 ಇಂಚಿಗೆ ಏರಿಸಿದರೂ ಮಿಶ್ರಣದ ಪ್ರಮಾಣ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ ಎಂಬುದು ನೆನಪಿರಲಿ. ಒಣಗಿದ ಹಳೆಯ ಬೇರುಗಳನ್ನು ತೆಗೆದ ಮೇಲೆ ಬೇರಿನ ಮುದ್ದೆ ಚಿಕ್ಕದಾದರೆ ಅದೇ ಕುಂಡಕ್ಕೆ ಹೊಸ ಮಿಶ್ರಣ ತುಂಬಿ ನೆಡುವುದೂ ಪಾಟ್ ಬದಲಿಸಿದಂತೆಯೇ. ಸಣ್ಣ ಕುಂಡಕ್ಕೆ ಇಳಿಸಬೇಕಾದ ಸಂದರ್ಭವೂ ಬರುತ್ತದೆ. ಅದರಲ್ಲಿ ಹಿಂಜರಿಯಬೇಕಾದ್ದು ಏನೂ ಇಲ್ಲ.

ತಪ್ಪು ಕಲ್ಪನೆ: ಬೇರು ಒತ್ತೊತ್ತಾಗಿ ಇದ್ದರೇ ಹೋಯಾ ಹೂ ಬಿಡುವುದು, ಪಾಟ್ ಬದಲಿಸಲೇಬಾರದು.

ವಾಸ್ತವ: ಮೇಲಿನ ಮಾತನ್ನು ಕೇಳಿದವರು ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಹೋಯಾ ಬಿಗಿಯಾದ ಕುಂಡವನ್ನು ಸಹಿಸಿಕೊಳ್ಳುತ್ತದೆ ಎನ್ನುವುದು ನಿಜ. ಹೂವಿಗೆ ಅದೇ ಕಾರಣ ಎನ್ನುವುದು ನಿಜವಲ್ಲ. ಹೂ ಬರಲು ಬೇಕಾದ್ದು ಬಳ್ಳಿಗೆ ವಯಸ್ಸು ಮತ್ತು ಬೆಳಕು. ಕಾರ್ನೋಸಾ ಕಡ್ಡಿ ನೆಟ್ಟು ಹೂ ಕಾಣಲು ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಸಣ್ಣ ಕುಂಡದಲ್ಲಿ ಹೂ ಬಿಟ್ಟ ಹಳೆಯ ಬಳ್ಳಿಯನ್ನು ನೋಡಿದವರು ಕುಂಡಕ್ಕೆ ಶ್ರೇಯ ಕೊಟ್ಟರು, ಅದರ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೂವಿಲ್ಲವೆಂದು ಕೊರಗುವ ಮೊದಲು ಗಿಡವನ್ನು ಪೂರ್ವ ದಿಕ್ಕಿನ ಕಿಟಕಿಗೆ ತನ್ನಿ. ಬೆಳಗಿನ ಎರಡು ಮೂರು ತಾಸಿನ ಎಳೆ ಬಿಸಿಲು ಅದಕ್ಕೆ ಹಿತ.

ಬದಲಿಸಬೇಕಾದ ದಿನ ಬಂದೇ ಬರುತ್ತದೆ, ಯಾಕೆಂದರೆ ಹಳಸುವುದು ಮಿಶ್ರಣ. ಕೋಕೋಪೀಟ್ ಎರಡು ಮೂರು ವರ್ಷಕ್ಕೆ ಕರಗಿ, ಕುಸಿದು, ಕೆಸರಿನಂತಾಗಿ ಗಾಳಿಯ ಸಂದುಗಳನ್ನು ಮುಚ್ಚುತ್ತದೆ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇನ್ನೊಂದು ಸಮಸ್ಯೆ: ನೀರಿನ ಲವಣಗಳು ಕುಂಡದಲ್ಲೇ ಉಳಿದು, ಮಣ್ಣಿನ ಪಾಟ್ ಆದರೆ ಹೊರಮೈಮೇಲೆ ಬಿಳಿ ಪದರವಾಗಿ ಕಾಣಿಸುತ್ತವೆ. ಒಳಗೆ ಬೇರಿನ ತುದಿಗಳನ್ನು ಸುಡುತ್ತಿರುವುದೂ ಅವೇ. ಹಾಕಿದ ನೀರು ನಿಲ್ಲದೆ ಸರ್ರನೆ ಕೆಳಗಿಳಿದುಬಿಡುವುದು, ಒಂದೇ ದಿನಕ್ಕೆ ಕುಂಡ ಹಗುರಾಗುವುದು, ತೂತಿನಿಂದ ಬೇರು ಇಣುಕುವುದು, ಪ್ಲಾಸ್ಟಿಕ್ ಪಾಟ್ ಉಬ್ಬಿಕೊಳ್ಳುವುದು ಕಾಣಿಸಿದಾಗ ಕೈ ಹಾಕಿ. ಕ್ಯಾಲೆಂಡರ್ ನೋಡಿ ಬೇಡ.

ಒಂದೇ ಎಚ್ಚರ: ಮೊಗ್ಗು ಕಟ್ಟಿದ್ದರೆ ಕಾಯಿರಿ. ಮೊಗ್ಗಿರುವಾಗ ಬೇರು ಅಲುಗಿದರೆ ಇಡೀ ಗೊಂಚಲು ಉದುರುವ ಸಂಭವ ಹೆಚ್ಚು.

ತಪ್ಪು ಕಲ್ಪನೆ: ಪಾಟ್ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ.

ವಾಸ್ತವ: ಇಷ್ಟು ನಂಬಿಕೆಯಿಂದ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದ ತೋಟಗಾರಿಕೆಯ ಸಲಹೆ ಇನ್ನೊಂದಿಲ್ಲ. ಭೌತಶಾಸ್ತ್ರ ಇದಕ್ಕೆ ವಿರುದ್ಧವಾಗಿದೆ. ಸಣ್ಣ ಕಣಗಳ ಪದರದಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸಲೀಸಾಗಿ ಜಿನುಗುವುದಿಲ್ಲ. ಸಣ್ಣ ಸಂದುಗಳು ನೀರನ್ನು ಹಿಡಿದೆಳೆಯುವ ಬಲ ಕಲ್ಲುಗಳ ನಡುವಿನ ದೊಡ್ಡ ಸಂದುಗಳಿಗಿಲ್ಲ. ಹಾಗಾಗಿ ಮೇಲಿನ ಮಿಶ್ರಣ ಪೂರ್ತಿ ನೆನೆದು ತುಂಬಿದ ಮೇಲಷ್ಟೇ ಹನಿ ಕೆಳಗೆ ಬೀಳುತ್ತದೆ. ಬಸಿದ ನಂತರವೂ ಮಿಶ್ರಣದ ತಳದಲ್ಲಿ ಒಂದು ಒದ್ದೆ ಪಟ್ಟಿ ಉಳಿದೇ ಉಳಿಯುತ್ತದೆ. ಆ ಪಟ್ಟಿಯ ಎತ್ತರವನ್ನು ನಿರ್ಧರಿಸುವುದು ಮಿಶ್ರಣದ ಗುಣ. ಕೆಳಗೆ ಎರಡು ಇಂಚು ಜಲ್ಲಿ ಹಾಕಿದರೆ ಪಟ್ಟಿ ಹೋಗುವುದಿಲ್ಲ, ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ.

ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಸ್ಪಂಜು ತೆಗೆದುಕೊಳ್ಳಿ. ನೀರಲ್ಲಿ ಅದ್ದಿ, ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದೇ ಸ್ಪಂಜನ್ನು ನೆಟ್ಟಗೆ ಮಾಡಿ. ಇನ್ನಷ್ಟು ನೀರು ಸುರಿಯುತ್ತದೆ. ಒದ್ದೆ ಪಟ್ಟಿಯ ಎತ್ತರ ಎರಡೂ ಸಲ ಒಂದೇ, ಆದರೆ ನಿಂತ ಸ್ಪಂಜಿನಲ್ಲಿ ಅದರ ಮೇಲೆ ಒಣ ಜಾಗ ಹೆಚ್ಚು. “ತೂಗುಬಳ್ಳಿಗೆ ಅಗಲವಾದ, ಆಳವಿಲ್ಲದ ಪಾಟೇ ಒಳ್ಳೆಯದು” ಎಂಬ ಇನ್ನೊಂದು ಮಾತನ್ನೂ ಈ ಸ್ಪಂಜು ಸ್ವಲ್ಪ ತಿದ್ದುತ್ತದೆ. ತೀರಾ ತಟ್ಟೆಯಂಥ ಕುಂಡದಲ್ಲಿ ಒದ್ದೆ ಪಟ್ಟಿಯೇ ಅರ್ಧ ಜಾಗ ತಿನ್ನುತ್ತದೆ. ಅಗಲ ಎಷ್ಟೋ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಇರುವ ಕುಂಡ ಹೋಯಾಕ್ಕೆ ಸರಿ.

ಜಲ್ಲಿಯ ಬದಲು ತೂತಿನ ಮೇಲೆ ಸೊಳ್ಳೆ ಪರದೆಯ ಒಂದು ತುಂಡು ಇಟ್ಟರೆ ಮಿಶ್ರಣ ಸೋರುವುದಿಲ್ಲ, ನೀರು ಹೋಗುತ್ತದೆ. ತಳಕ್ಕೆ ತಟ್ಟೆ ಅಂಟಿಸಿಯೇ ಬರುವ ತೂಗುಕುಂಡಗಳಲ್ಲಿ ಆ ತಟ್ಟೆಯನ್ನು ಕಳಚಿ, ಅಥವಾ ಅದಕ್ಕೇ ಒಂದೆರಡು ತೂತು ಮಾಡಿ. ಎತ್ತರದಲ್ಲಿ ತೂಗುವ ಕುಂಡದ ತಟ್ಟೆಯಲ್ಲಿ ನೀರು ನಿಂತದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ತಪ್ಪು ಕಲ್ಪನೆ: ಕೆಂಪು ಮಣ್ಣು, ಮರಳು, ಸಗಣಿ ಗೊಬ್ಬರ ಸಮಸಮ ಬೆರೆಸಿದರೆ ಯಾವ ಗಿಡಕ್ಕಾದರೂ ಆಯಿತು.

ವಾಸ್ತವ: ದಾಸವಾಳಕ್ಕೆ ಆಯಿತು, ಗುಲಾಬಿಗೂ ಆದೀತು. ಹೋಯಾಕ್ಕೆ ಆಗದು. ಕೆಂಪು ಮಣ್ಣಿನ ಜೇಡಿಯ ಕಣಗಳು ಬಹಳ ನುಣುಪು. ಕುಂಡದಲ್ಲಿ ನಾಲ್ಕು ಸಲ ನೀರುಂಡರೆ ಗಟ್ಟಿಯಾಗಿ ಕೂರುತ್ತದೆ. ನೆಲದಲ್ಲಿ ಎರೆಹುಳು, ಇರುವೆ, ಬೇರೆ ಗಿಡಗಳ ಬೇರು ಎಲ್ಲ ಸೇರಿ ಮಣ್ಣನ್ನು ಸಡಿಲಿಸುತ್ತವೆ. ಕುಂಡದಲ್ಲಿ ಆ ಕೆಲಸಕ್ಕೆ ಯಾರಿದ್ದಾರೆ? ಮರಳು ಬೆರೆಸಿದರೂ ಸಡಿಲವಾಗುವ ಭರವಸೆಯಿಲ್ಲ, ಮರಳಿನ ನಡುವಿನ ಜಾಗವನ್ನು ಜೇಡಿ ತುಂಬಿಬಿಡುತ್ತದೆ.

ಕಾಡಿನಲ್ಲಿ ಹೋಯಾ ಬೇರಿಗೆ ಸಿಗುವುದು ತೊಗಟೆಯ ಬಿರುಕಿನಲ್ಲಿ ಸೇರಿದ ಎಲೆಯ ಚೂರು, ಪಾಚಿ, ಹಕ್ಕಿಯ ಹಿಕ್ಕೆ. ಆಗ್ನೇಯ ಏಷ್ಯಾದ ಹೋಯಾ ಇಂಬ್ರಿಕಾಟಾದಂಥ ಕೆಲವು ಜಾತಿಗಳು ತಮ್ಮ ಎಲೆಯಡಿ ಇರುವೆಗಳಿಗೆ ಮನೆ ಕೊಟ್ಟು, ಅವು ತಂದು ಗುಡ್ಡೆ ಹಾಕಿದ ಕಸದಲ್ಲಿ ಬೇರಿಳಿಸುತ್ತವೆ. ಎಲ್ಲವೂ ಹಗುರ, ಒರಟು, ಗಾಳಿಯಾಡುವಂಥದ್ದು. ಕುಂಡದಲ್ಲೂ ನಾವು ಅದನ್ನೇ ಕಟ್ಟಿಕೊಡಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿ ಧಾರಾಳ. ತೆಂಗಿನಕಾಯಿ ಸುಲಿದ ಸಿಪ್ಪೆಯನ್ನು ಅರ್ಧ ಇಂಚಿನ ತುಂಡು ಮಾಡಿ ಒಂದು ದಿನ ನೀರಲ್ಲಿ ನೆನೆಸಿ, ಕಂದು ಬಣ್ಣ ಇಳಿಯುವವರೆಗೆ ಎರಡು ಮೂರು ಸಲ ನೀರು ಬದಲಿಸಿ. ಅದರಲ್ಲಿರುವ ಲವಣ ಇಳಿಯಲೇಬೇಕು. ಕೋಕೋಪೀಟ್‌ಗೂ ಇದೇ ಸಂಸ್ಕಾರ. ಸಿಪ್ಪೆಯ ತುಂಡು ಎರಡು ಪಾಲು, ಕೋಕೋಪೀಟ್ ಒಂದು ಪಾಲು, ಪರ್ಲೈಟ್ ಒಂದು ಪಾಲು, ಇದ್ದಿಲಿನ ಚೂರು ಅರ್ಧ ಪಾಲು, ಎರೆಗೊಬ್ಬರ ಅರ್ಧ ಪಾಲು. ಇದು ನಾನು ಬಳಸುವ ಅಳತೆ. ಪರ್ಲೈಟ್ ದುಬಾರಿ ಎನಿಸಿದರೆ ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ ಇಟ್ಟಿಗೆ ಚೂರು ಅದೇ ಕೆಲಸ ಮಾಡುತ್ತದೆ, ಕುಂಡದ ತೂಕ ಮಾತ್ರ ಹೆಚ್ಚುತ್ತದೆ. ತೂಗುಹಾಕುವ ಕೊಕ್ಕೆ ಗಟ್ಟಿಯಿದೆಯೇ ನೋಡಿಕೊಳ್ಳಿ. ಅಕ್ಕಿ ಗಿರಣಿ ಹತ್ತಿರವಿದ್ದವರು ಕರಿಕಾಗುವಂತೆ ಸುಟ್ಟ ಭತ್ತದ ಹೊಟ್ಟನ್ನು ತೊಳೆದು ಸ್ವಲ್ಪ ಸೇರಿಸಬಹುದು. ಪರ್ಲೈಟ್ ಬಳಸುವುದಾದರೆ ಮೊದಲು ನೀರು ಚಿಮುಕಿಸಿ, ಅದರ ದೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಮಿಶ್ರಣವನ್ನು ಕೈಯಲ್ಲಿ ಹಿಂಡಿ ಬಿಟ್ಟಾಗ ಮುದ್ದೆಯಾಗದೆ ಉದುರಬೇಕು. ಉದುರಿದರೆ ಸರಿಯಾಗಿದೆ.

ತಪ್ಪು ಕಲ್ಪನೆ: ಕಾಫಿ ಚರಟ, ಟೀ ಸೊಪ್ಪು, ಮೊಟ್ಟೆ ಚಿಪ್ಪು ತಳಕ್ಕೆ ಹಾಕಿದರೆ ಬೇರಿಗೆ ಬಲ.

ವಾಸ್ತವ: ಅಡುಗೆಮನೆಯ ಕಸ ಕಾಂಪೋಸ್ಟ್ ಡಬ್ಬಿಯಲ್ಲಿ ಕೊಳೆತು ಗೊಬ್ಬರವಾದ ಮೇಲೆ ಕುಂಡಕ್ಕೆ ಬರಬೇಕು. ಕುಂಡದೊಳಗೇ ಕೊಳೆಯಲು ಬಿಟ್ಟರೆ ಆ ಕೊಳೆಯುವ ಕ್ರಿಯೆಯೇ ಬೇರಿನ ಪಾಲಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಕಾಫಿ ಚರಟದ ಸಣ್ಣ ಕಣಗಳು ಸಂದು ಮುಚ್ಚುತ್ತವೆ, ಒದ್ದೆ ಚರಟಕ್ಕೆ ಗುಂಗಾಡು ನೊಣಗಳು ಬಂದು ಮೊಟ್ಟೆಯಿಡುತ್ತವೆ. ಮೊಟ್ಟೆಯ ಚಿಪ್ಪು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ, ಬಲವೂ ಇಲ್ಲ, ಬಾಧೆಯೂ ಇಲ್ಲ.

ತಪ್ಪು ಕಲ್ಪನೆ: ಗಿಡ ನೆಡಲು ಮಳೆಗಾಲವೇ ಪ್ರಶಸ್ತ.

ವಾಸ್ತವ: ಹೊಲಕ್ಕೆ, ತೋಟಕ್ಕೆ ಹೌದು. ಬೇರಿಗೆ ಗಾಯವಾದ ಅರೆ ರಸಭರಿತ ಬಳ್ಳಿಗೆ ಜುಲೈ ತಿಂಗಳ ಮಂಗಳೂರು, ಆಗುಂಬೆ, ಮಡಿಕೇರಿಗಳಿಗಿಂತ ಕೆಟ್ಟ ವೇಳೆ ಬೇರೆಯಿಲ್ಲ. ಗಾಳಿಯಲ್ಲೇ ನೀರು ತುಂಬಿರುವಾಗ ಕುಂಡ ಒಣಗುವುದಿಲ್ಲ, ಕತ್ತರಿಸಿದ ಬೇರಿನ ಗಾಯ ಮಾಯುವುದಿಲ್ಲ. ಕರಾವಳಿ ಮತ್ತು ಮಲೆನಾಡಿನವರು ಮಳೆ ಹಿಂದೆ ಸರಿದ ಅಕ್ಟೋಬರ್‌ನಿಂದ ಮೇಲೆ ಮಾಡಿಕೊಳ್ಳಲಿ. ಬೆಂಗಳೂರು, ಮೈಸೂರುಗಳಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬಳ್ಳಿ ಚಿಗುರುವ ಕಾಲ, ಅದೇ ಎಲ್ಲಕ್ಕಿಂತ ಉತ್ತಮ. ಕಲಬುರಗಿ, ಬಳ್ಳಾರಿಯ ಕಡೆ ತಾಪ 40 ಡಿಗ್ರಿ ಮುಟ್ಟುವ ಮೊದಲೇ ಮುಗಿಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬಳ್ಳಿ ಮಲಗಿರುತ್ತದೆ, ತಡೆಯಿರಿ. ಕೊಳೆತ ಬೇರಿಗೆ ಮಾತ್ರ ಈ ಮುಹೂರ್ತಗಳಾವುವೂ ಅನ್ವಯಿಸುವುದಿಲ್ಲ. ಕೊಳೆತದ್ದು ಗೊತ್ತಾದ ದಿನವೇ ತೆಗೆಯಬೇಕು.

ತಪ್ಪು ಕಲ್ಪನೆ: ಹಳೆಯ ಮಣ್ಣನ್ನೆಲ್ಲ ತೊಳೆದು ಬೇರನ್ನು ಬೆತ್ತಲೆ ಮಾಡಬೇಕು.

ವಾಸ್ತವ: ಬೇರು ಆರೋಗ್ಯವಾಗಿದ್ದರೆ ಬೇಡ. ನೀರೆಳೆಯುವುದು ಕಣ್ಣಿಗೆ ಕಾಣದಷ್ಟು ನವಿರಾದ ಬೇರುಕೂದಲು. ನಲ್ಲಿ ನೀರಿನ ರಭಸಕ್ಕೆ ಅವು ಕಿತ್ತುಹೋಗುತ್ತವೆ. ಕುಂಡವನ್ನು ಓರೆ ಮಾಡಿ, ಬುಡವನ್ನು ಬೆರಳುಗಳ ನಡುವೆ ಹಿಡಿದು ಜಾರಿಸಿ, ತಾನಾಗಿ ಉದುರುವಷ್ಟನ್ನು ಉದುರಿಸಿ. ಕುಂಡದ ಗೋಡೆಯ ಸುತ್ತ ಸುರುಳಿಯಾಗಿರುವ ಬೇರನ್ನು ತುದಿಯಲ್ಲಿ ಬಿಡಿಸಿ. ತೊಳೆಯಬೇಕಾದ ಸಂದರ್ಭ ಎರಡೇ: ಬೇರು ಕಪ್ಪಾಗಿ, ಲೋಳೆಯಾಗಿ, ಮೇಲಿನ ಸಿಪ್ಪೆ ಕಳಚಿ ಬರುತ್ತಿದ್ದರೆ, ಅಥವಾ ಬೇರಿನಲ್ಲಿ ಬಿಳಿ ಹಿಟ್ಟು ಉದುರಿಸಿದ ಹಾಗೆ ಹಿಟ್ಟು ತಿಗಣೆ ಕಂಡರೆ. ಎಲೆಯ ಮೇಲಿನ ಹಿಟ್ಟು ತಿಗಣೆಯನ್ನು ಎಲ್ಲರೂ ಗುರುತಿಸುತ್ತಾರೆ. ಬೇರಿನದನ್ನು ನೋಡುವ ಅವಕಾಶ ಪಾಟ್ ಬದಲಿಸುವ ಈ ಒಂದು ದಿನ ಮಾತ್ರ, ತಪ್ಪದೆ ನೋಡಿ.

ಇನ್ನು ಉದ್ದ ಬಳ್ಳಿಗಳ ಮಾತು. ಅಡ್ಡಿಯಾಗುತ್ತವೆಂದು ಮೊದಲೇ ಕತ್ತರಿಸುವವರಿದ್ದಾರೆ. ನೆಲಕ್ಕೆ ಪತ್ರಿಕೆ ಹಾಸಿ, ಬಳ್ಳಿಗಳನ್ನು ಸಡಿಲವಾಗಿ ಸುತ್ತಿ, ಬಾಳೆನಾರಿನಿಂದ ಅಲ್ಲಲ್ಲಿ ಮೆತ್ತಗೆ ಕಟ್ಟಿಟ್ಟುಕೊಂಡರೆ ಕೆಲಸ ಸಲೀಸು. ಇನ್ನೊಬ್ಬರು ಹಿಡಿದುಕೊಂಡರೆ ಇನ್ನೂ ಒಳ್ಳೆಯದು.

ತಪ್ಪು ಕಲ್ಪನೆ: ಎಲೆಯಿಲ್ಲದ ಉದ್ದ ಕಡ್ಡಿ, ಹೂ ಉದುರಿದ ತೊಟ್ಟು ಇವೆಲ್ಲ ಒಣಕಲು, ಪಾಟ್ ಬದಲಿಸುವಾಗಲೇ ಕತ್ತರಿಸಿ ಚೊಕ್ಕ ಮಾಡಬೇಕು.

ವಾಸ್ತವ: ಈ ಒಂದು ತಪ್ಪು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಯಾಕೆಂದರೆ ಇಲ್ಲಿ ಕಳೆದುಕೊಳ್ಳುವುದು ವರ್ಷಗಳ ಹೂವನ್ನು. ಹೋಯಾ ಮೊದಲು ಬರೀ ಕಡ್ಡಿಯನ್ನು ಚಾಚುತ್ತದೆ. ಅದು ಗಾಳಿಯಲ್ಲಿ ಓಲಾಡುತ್ತ ಆಸರೆ ಹುಡುಕುತ್ತದೆ, ಆಸರೆ ಸಿಕ್ಕ ಮೇಲೆ ಗೆಣ್ಣುಗಳಲ್ಲಿ ಎಲೆ ಬಿಡುತ್ತದೆ. ತಿಂಗಳುಗಟ್ಟಲೆ ಬೋಳಾಗಿದ್ದ ಕಡ್ಡಿಯಲ್ಲೇ ಮೊದಲ ಹೂ ಬರುವುದೂ ಉಂಟು.

ಹೂತೊಟ್ಟಿನ ವಿಷಯ ಇನ್ನೂ ಮುಖ್ಯ. ಮಲ್ಲಿಗೆ, ಗುಲಾಬಿಗಳಲ್ಲಿ ಹೂವಾದ ಮೇಲೆ ಸವರಿದರೆ ಹೊಸ ಚಿಗುರು, ಹೊಸ ಹೂ. ಹೋಯಾ ಹಾಗಲ್ಲ. ಹೂಗಳು ಉದುರಿದ ಮೇಲೆ ಉಳಿಯುವ ಗಿಡ್ಡ ಮೊಂಡು ತೊಟ್ಟಿನ ತುದಿಯಲ್ಲೇ ಮುಂದಿನ ಸಲದ ಮೊಗ್ಗುಗಳು ಹುಟ್ಟುತ್ತವೆ, ಅದರ ಮುಂದಿನ ಸಲದವೂ ಅಲ್ಲಿಯೇ. ಪ್ರತಿ ಸಲ ತೊಟ್ಟು ಚೂರು ಚೂರೇ ಉದ್ದವಾಗುತ್ತ ಹೋಗುತ್ತದೆ. ಕತ್ತರಿ ಹಾಕುವ ಮೊದಲು ಉಗುರಿನಿಂದ ಒಂಚೂರು ಗೀರಿ ನೋಡಿ. ಹಸಿರು ಕಂಡು ಹಾಲು ಜಿನುಗಿದರೆ ಅದು ಜೀವಂತ.

ತಪ್ಪು ಕಲ್ಪನೆ: ಆ ಹಾಲು ವಿಷ, ಮಕ್ಕಳು ಮತ್ತು ಬೆಕ್ಕಿರುವ ಮನೆಗೆ ಹೋಯಾ ಬೇಡ.

ವಾಸ್ತವ: ಭಯ ಬಂದದ್ದು ಎಕ್ಕದಿಂದ ಇರಬೇಕು. ಹೋಯಾ ಮತ್ತು ಎಕ್ಕ ಒಂದೇ ಕುಟುಂಬದವು. ಎಕ್ಕದ ಹೂವನ್ನು, ಹೋಯಾ ಹೂವನ್ನು ಪಕ್ಕದಲ್ಲಿಟ್ಟು ನೋಡಿದರೆ ನಡುವಿನ ಐದು ಮೂಲೆಯ ಕಿರೀಟದಲ್ಲಿ ನೆಂಟಸ್ತನ ಕಾಣುತ್ತದೆ. ಎಕ್ಕದ ಮೇಲೆ ಮುತ್ತುವ ಹಳದಿ ಹೇನೇ ಹೋಯಾ ಚಿಗುರಿಗೂ ಬರುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ನಿಜ. ಹೋಯಾ ಅಷ್ಟು ಉಗ್ರವಲ್ಲ, ಬೆಕ್ಕು ನಾಯಿಗಳಿಗೆ ವಿಷವಲ್ಲದ ಗಿಡಗಳ ಪಟ್ಟಿಯಲ್ಲೇ ಇದೆ. ಹಾಗೆಂದು ಹಾಲು ತಾಗಿದ ಕೈಯಲ್ಲಿ ಕಣ್ಣುಜ್ಜಿಕೊಳ್ಳಬೇಡಿ, ಕೆಲವರ ಚರ್ಮಕ್ಕೆ ಉರಿಯಾದೀತು. ಕೆಲಸ ಮುಗಿದ ಮೇಲೆ ಕೈ, ಕತ್ತರಿ ಎರಡನ್ನೂ ತೊಳೆಯಿರಿ.

ತಪ್ಪು ಕಲ್ಪನೆ: ನೆಟ್ಟ ಕೂಡಲೇ ತುಂಬ ನೀರು, ಒಂದು ಹಿಡಿ ಗೊಬ್ಬರ, ಒಳ್ಳೆಯ ಬಿಸಿಲು.

ವಾಸ್ತವ: ಮೂರೂ ಸದ್ಯಕ್ಕೆ ಬೇಡ. ಬೇರಿನ ಮುದ್ದೆಯನ್ನು ಅಲುಗಿಸದೆ ಇಟ್ಟಿದ್ದರೆ ಅದೇ ದಿನ ಹದವಾಗಿ ನೀರು ಹಾಕಬಹುದು. ಬೇರು ಕತ್ತರಿಸಿದ್ದರೆ ಮೂರು ನಾಲ್ಕು ದಿನ ಬಿಟ್ಟು ಹಾಕಿ. ಗಾಯ ಒಣಗಲಿ, ಎಲೆಯಲ್ಲಿ ಕೂಡಿಟ್ಟ ನೀರು ಅಲ್ಲಿಯವರೆಗೆ ಸಾಕಾಗುತ್ತದೆ. ಎರಡು ವಾರ ಬೆಳಕಿದ್ದು ನೇರ ಬಿಸಿಲಿಲ್ಲದ ಕಡೆ ಇರಲಿ. ಗೊಬ್ಬರಕ್ಕೆ ಹೊಸ ಚಿಗುರು ಕಾಣುವವರೆಗೆ, ಅಂದರೆ ನಾಲ್ಕರಿಂದ ಆರು ವಾರ ತಡೆಯಿರಿ. ಆಮೇಲೂ ಪೊಟ್ಟಣದ ಮೇಲೆ ಬರೆದ ಪ್ರಮಾಣದ ಅರ್ಧದಷ್ಟೇ ಸಾಕು.

ಈ ದಿನಗಳಲ್ಲಿ ಎಲೆ ಸುಕ್ಕಾದರೆ ಬಾಯಾರಿಕೆ ಎಂದುಕೊಂಡು ಚೊಂಬು ಎತ್ತಿಕೊಳ್ಳುವುದು ಸಹಜ. ಮೊದಲು ಬೆರಳು ಇಳಿಸಿ ನೋಡಿ. ಮಿಶ್ರಣ ಒಣಗಿ ಎಲೆ ಸುಕ್ಕಾಗಿದ್ದರೆ ನೀರು ಬೇಕು. ಮಿಶ್ರಣ ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ಕುಡಿಯಲು ಬೇರೇ ಉಳಿದಿಲ್ಲ. ಆಗ ಗಿಡವನ್ನು ಹೊರತೆಗೆದು, ಕೊಳೆತದ್ದನ್ನು ಕತ್ತರಿಸಿ, ಮೇಲಿನ ಗಟ್ಟಿ ಬಳ್ಳಿಯಿಂದ ಎರಡು ಮೂರು ಗೆಣ್ಣಿರುವ ತುಂಡುಗಳನ್ನು ತೆಗೆದು ಒದ್ದೆ ಪಾಚಿಯಲ್ಲಿ ಊರಿ. ತಿಂಗಳೊಪ್ಪತ್ತಿನಲ್ಲಿ ಗೆಣ್ಣಿನಿಂದ ಬೇರು ಬರುತ್ತದೆ. ತಾಯಿಬಳ್ಳಿ ಹೋದರೂ ವಂಶ ಉಳಿಯುತ್ತದೆ.

ತಪ್ಪು ಕಲ್ಪನೆ: ಹೃದಯದಾಕಾರದ ಒಂಟಿ ಎಲೆಯ ಹೋಯಾವನ್ನು ದೊಡ್ಡ ಪಾಟ್‌ಗೆ ಹಾಕಿದರೆ ಬಳ್ಳಿಯಾಗುತ್ತದೆ.

ವಾಸ್ತವ: ಫೆಬ್ರವರಿ 14ರ ಸುತ್ತ ಅಂಗಡಿಗಳಲ್ಲಿ ಪುಟ್ಟ ಕುಂಡದಲ್ಲಿ ಒಂದೇ ಎಲೆ ನೆಟ್ಟು ಮಾರುವುದು ಹೋಯಾ ಕೆರ್ರಿ. ಥಾಯ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಇದನ್ನು ಸಂಗ್ರಹಿಸಿದ ವೈದ್ಯ ಆರ್ಥರ್ ಕೆರ್ ಹೆಸರು ಅದಕ್ಕಿದೆ, ವಿಜ್ಞಾನಕ್ಕೆ ಪರಿಚಯವಾದದ್ದು 1911ರಲ್ಲಿ. ಮೂಲದಲ್ಲಿ ಇದು ಮರಗಳ ಮೇಲೆ ಹಲವು ಮೀಟರ್ ಹಬ್ಬುವ ಗಟ್ಟಿಮುಟ್ಟಾದ ಬಳ್ಳಿ. ಮಾರುವ ಎಲೆಗೂ ಬೇರು ಬರುತ್ತದೆ, ಎರಡು ಮೂರು ವರ್ಷ ಹಸಿರಾಗಿಯೂ ಇರುತ್ತದೆ. ಆದರೆ ಹೊಸ ಚಿಗುರಿನ ಕಣ್ಣು ಇರುವುದು ಎಲೆಯಲ್ಲಲ್ಲ, ಕಾಂಡದ ಗೆಣ್ಣಿನಲ್ಲಿ. ಗೆಣ್ಣಿಲ್ಲದೆ ಕಿತ್ತ ಎಲೆಗೆ ಯಾವ ಕುಂಡ, ಯಾವ ಮಿಶ್ರಣ ಕೊಟ್ಟರೂ ಅದು ಒಂದೇ ಎಲೆ. ದೊಡ್ಡ ಪಾಟ್‌ಗೆ ಹಾಕಿದರೆ ಮೊದಲು ಹೇಳಿದ ಹಾಗೆ ಕೊಳೆಯುವುದು ಮಾತ್ರ ಬೇಗ. ಕೊಳ್ಳುವಾಗಲೇ ಎಲೆಯ ಬುಡದ ಮಿಶ್ರಣವನ್ನು ಬೆರಳಿನಿಂದ ಸ್ವಲ್ಪ ಸರಿಸಿ ನೋಡಿ, ಒಂದಿಂಚು ಕಾಂಡವೂ ಗೆಣ್ಣೂ ಇದೆಯೇ ಎಂದು. ಇಲ್ಲದಿದ್ದರೆ ಎರಡು ಜೋಡಿ ಎಲೆಯಿರುವ ಬಳ್ಳಿಯನ್ನೇ ಕೇಳಿ ತನ್ನಿ. ಬೆಲೆ ಹೆಚ್ಚು, ಆದರೆ ಅದು ಬೆಳೆಯುತ್ತದೆ.